ಒಡೆತನ ಉಳಿದು ಬಳಕೆ ಕಳೆದ ನೆಲ: ಶಿವಮೊಗ್ಗ ಸೀಮೆಯ ವಿದ್ಯುತ್ ಪ್ರಸರಣ ಮಾರ್ಗಗಳು ಮತ್ತು ತೋಟಗಾರರ ಆತಂಕ

ವಿದ್ಯುತ್ ಪ್ರಸರಣ ಮಾರ್ಗವೆಂದರೆ ಉತ್ಪಾದನಾ ಕೇಂದ್ರದಿಂದ ದೂರದ ಸ್ವೀಕರಣಾ ಕೇಂದ್ರಕ್ಕೆ ಅತಿ ಹೆಚ್ಚಿನ ಒತ್ತಡದಲ್ಲಿ ವಿದ್ಯುತ್ತನ್ನು ಸಾಗಿಸುವ ತಂತಿಮಾರ್ಗ. ತಾನು ದಾಟುವ ಊರಿನ ಮನೆಗಳಿಗೆ ಅದು ನೇರವಾಗಿ ಬೆಳಕು ಕೊಡುವುದಿಲ್ಲ ಎಂಬುದರಲ್ಲಿಯೇ ಅದಕ್ಕೂ ವಿದ್ಯುತ್ ವಿತರಣಾ ಕಂಪನಿಯಾದ ಮೆಸ್ಕಾಂನ ಲೈನಿಗೂ ಇರುವ ವ್ಯತ್ಯಾಸವಿದೆ. 1948ರಲ್ಲಿ ಜೋಗದ ಜಲವಿದ್ಯುದಾಗಾರ ಚಾಲನೆಗೊಂಡ ಕಾಲದಿಂದಲೂ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು 1035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ಕೇಂದ್ರ ಹಂತಹಂತವಾಗಿ ಬೆಳೆದ ಮೇಲಂತೂ, ಶಿವಮೊಗ್ಗ ಸೀಮೆಯು ಇಂಥ ಮಾರ್ಗಗಳ ಹಾದಿಯೇ ಆಗಿದೆ. ಶಿವಮೊಗ್ಗ ನಗರದ ಒಂದು ವೃತ್ತವನ್ನು ಜನ ಇಂದಿಗೂ ಎಂ.ಆರ್.ಎಸ್. ಸರ್ಕಲ್ ಎಂದೇ ಕರೆಯುತ್ತಾರೆ. ಅದು ಅಲ್ಲಿರುವ ವಿದ್ಯುತ್ ಸ್ವೀಕರಣಾ ಕೇಂದ್ರದಿಂದ ಬಂದ ಹೆಸರು.

ಇಂಥ ಮಾರ್ಗಗಳ ಬಗ್ಗೆ ತೋಟಗಾರರಿಗಿರುವ ಹಳೆಯ ಆತಂಕವನ್ನು ಈಗ ಮತ್ತೆ ಮುನ್ನೆಲೆಗೆ ತಂದಿರುವುದು 2000 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ. ಬೇಡಿಕೆ ಕಡಿಮೆಯಿರುವ ಹೊತ್ತಿನಲ್ಲಿ ಗೇರುಸೊಪ್ಪೆಯ ಜಲಾಶಯದ ನೀರನ್ನು ತಲಕಳಲೆಗೆ ಮೇಲೆತ್ತಿ, ಬೇಡಿಕೆ ಏರಿದಾಗ ಅದೇ ನೀರನ್ನು ಕೆಳಗೆ ಹರಿಸಿ ವಿದ್ಯುತ್ ಪಡೆಯುವ ಈ ಯೋಜನೆಯ ಬಗ್ಗೆ 2025ರ ಸೆಪ್ಟೆಂಬರ್‌ನಲ್ಲಿ ಸಾರ್ವಜನಿಕ ಅಹವಾಲು ಸಭೆಗಳು ನಡೆದವು. ಆದರೆ ವಿದ್ಯುದಾಗಾರಕ್ಕೆ ಇರುವ ಈ ಅಹವಾಲಿನ ಅವಕಾಶ ಪ್ರಸರಣ ಮಾರ್ಗಕ್ಕೆ ಇಲ್ಲ. ಪರಿಸರ ಪರಿಣಾಮ ಅಂದಾಜಿಗೆ ಸಂಬಂಧಿಸಿದ 2006ರ ಅಧಿಸೂಚನೆಯ ಪಟ್ಟಿಯಲ್ಲಿ ಪ್ರಸರಣ ಮಾರ್ಗಗಳು ಸೇರಿಲ್ಲ; ಅರಣ್ಯದ ಮೇಲೆ ಹಾದಾಗ ಅರಣ್ಯ ಅನುಮತಿ ಬೇಕಾಗುತ್ತದೆಯಾದರೂ, ರಸ್ತೆ ಮತ್ತು ತಂತಿಗಳಂಥ ಉದ್ದನೆಯ ಯೋಜನೆಗಳಿಗೆ ಗ್ರಾಮಸಭೆಯ ಒಪ್ಪಿಗೆ ಬೇಕಿಲ್ಲವೆಂದು ಕೇಂದ್ರ ಪರಿಸರ ಸಚಿವಾಲಯ 2013ರ ಫೆಬ್ರವರಿಯಲ್ಲಿಯೇ ವಿನಾಯಿತಿ ನೀಡಿದೆ. ಹೀಗಾಗಿ ಖಾಸಗಿ ತೋಟದ ಮೇಲೆ ಲೈನು ಬರುವ ಸುದ್ದಿ ಅನೇಕ ವೇಳೆ ಸರ್ವೆಯವರು ಗೂಟ ಹೊಡೆಯುವ ದಿನವೇ ಮಾಲೀಕನಿಗೆ ತಲುಪುತ್ತದೆ.

ಇದಕ್ಕೆ ಆಧಾರವಾಗಿರುವ ಕಾನೂನಿನ ಸ್ವರೂಪವೇ ಈ ಆತಂಕದ ಮೂಲವಾಗಿದೆ. 2003ರ ವಿದ್ಯುತ್ ಕಾಯ್ದೆಯ 164ನೇ ಕಲಮು, 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿ ತಂತಿ ಇಲಾಖೆಗೆ ಇದ್ದ ಅಧಿಕಾರಗಳನ್ನು ಪ್ರಸರಣ ಸಂಸ್ಥೆಗೆ ವಹಿಸಿಕೊಡಲು ಸರ್ಕಾರಕ್ಕೆ ಅವಕಾಶ ನೀಡುತ್ತದೆ. ಆ ಹಳೆಯ ಕಾಯ್ದೆಯ 10ನೇ ಕಲಮಿನಂತೆ ಸಂಸ್ಥೆಗೆ ದೊರೆಯುವುದು ನೆಲದ ಒಡೆತನವಲ್ಲ, ಬಳಕೆಯ ಹಕ್ಕು ಮಾತ್ರ. ಭೂಸ್ವಾಧೀನವೇ ಆಗದ ಕಾರಣ 2013ರ ಭೂಸ್ವಾಧೀನ ಕಾಯ್ದೆಯಲ್ಲಿರುವ ಸಾಮಾಜಿಕ ಪರಿಣಾಮ ಅಧ್ಯಯನ, ಪುನರ್ವಸತಿ ಮೊದಲಾದ ರಕ್ಷಣೆಗಳು ಇಲ್ಲಿ ಅನ್ವಯಿಸುವುದಿಲ್ಲ. ಪವರ್‌ಗ್ರಿಡ್ ಮತ್ತು ಸೆಂಚುರಿ ಟೆಕ್ಸ್‌ಟೈಲ್ಸ್ ನಡುವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಅಧಿಕಾರ ಪಡೆದ ಸಂಸ್ಥೆಗೆ ಮಾಲೀಕನ ಪೂರ್ವಾನುಮತಿ ಬೇಕಿಲ್ಲವೆಂದು ಹೇಳಿದೆ. ಪಹಣಿಯಲ್ಲಿ ಹೆಸರು ರೈತನದೇ, ಕಂದಾಯ ಕಟ್ಟುವವನೂ ಅವನೇ; ಅಲ್ಲಿ ಏನು ಬೆಳೆಯಬಹುದೆಂಬುದನ್ನು ಮಾತ್ರ ಲೈನು ನಿರ್ಧರಿಸುತ್ತದೆ.

ಗದ್ದೆಯವರಿಗೆ ಇದು ಸಹಿಸಬಹುದಾದ ನಷ್ಟವಾದೀತು, ಏಕೆಂದರೆ ತಂತಿಯಡಿಯಲ್ಲಿ ಭತ್ತ ಬೆಳೆಯುವುದಕ್ಕೆ ಅಡ್ಡಿಯಿಲ್ಲ. ಅಡಿಕೆಯ ವಿಷಯ ಹಾಗಲ್ಲ. 400 ಕಿಲೋವೋಲ್ಟ್ ಮಾರ್ಗದ ತಂತಿ ನೆಲದಿಂದ ಕನಿಷ್ಠ 8.84 ಮೀಟರ್ ಎತ್ತರದಲ್ಲಿರಬೇಕೆಂಬುದು ನಿಯಮವಾದರೆ, ಬೆಳೆದ ಅಡಿಕೆ ಮರದ ಎತ್ತರ 15 ಮೀಟರನ್ನೂ ದಾಟುತ್ತದೆ. ಮಾರ್ಗದ ಪಟ್ಟಿಯ ಅಗಲ 46 ಮೀಟರ್ ಎಂದಿಟ್ಟುಕೊಂಡರೆ ನೂರು ಮೀಟರ್ ಉದ್ದದ ಲೈನು 4600 ಚದರ ಮೀಟರ್, ಅಂದರೆ ಒಂದು ಎಕರೆಗಿಂತ ತುಸು ಹೆಚ್ಚು ನೆಲವನ್ನು ಆವರಿಸುತ್ತದೆ, 2.7 ಮೀಟರ್ ಅಂತರದ ನಾಟಿಯ ಲೆಕ್ಕದಲ್ಲಿ ಅಷ್ಟು ಜಾಗದಲ್ಲಿ ಆರುನೂರಕ್ಕೂ ಮಿಕ್ಕಿ ಮರಗಳಿರುತ್ತವೆ. ಎರಡು ಟವರ್‌ಗಳ ನಡುವಿನ ಸುಮಾರು 400 ಮೀಟರ್ ಹಾದಿಯಲ್ಲಿ ಹೋಗುವುದು ನಾಲ್ಕೂವರೆ ಎಕರೆ ತೋಟ. ಒಂದೆರಡು ಎಕರೆಯನ್ನೇ ನಂಬಿದ ಕುಟುಂಬದ ಪಾಲಿಗೆ ಇದು ಇಡೀ ಹಿಡುವಳಿ. ಮೇಲಾಗಿ ಅಡಿಕೆ ಮರ ಒಂಟಿ ಬೆಳೆಯಲ್ಲ. ಅದನ್ನು ತಬ್ಬಿ ಕಾಳುಮೆಣಸಿನ ಬಳ್ಳಿ ಹಬ್ಬಿರುತ್ತದೆ, ಅದರ ನೆರಳಲ್ಲಿ ಏಲಕ್ಕಿ ಇರುತ್ತದೆ, ಮರ ಹೋದರೆ ಇವೆರಡೂ ಹೋಗುತ್ತವೆ. ಸಸಿ ನೆಟ್ಟು ಐದಾರು ವರ್ಷ ಕಾದು ಫಸಲು ಕಾಣುವ, ಬಳಿಕ ಎರಡು ತಲೆಮಾರು ಕೈಹಿಡಿಯುವ ತೋಟವನ್ನು ಒಂದೇ ಸಲದ ಮರಬೆಲೆಯಲ್ಲಿ ಅಳೆಯಲು ಹೊರಟಾಗಲೇ ಲೆಕ್ಕ ತಪ್ಪುತ್ತದೆ.

ಪಟ್ಟಿಯ ಅಂಚಿನಲ್ಲಿ ಉಳಿಯುವ ಮರಗಳ ಕೆಲಸವೂ ಅಪಾಯದಿಂದ ಮುಕ್ತವಲ್ಲ. ಕೊನೆ ಕೊಯ್ಯುವುದಕ್ಕೂ ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ಸಿಂಪಡಿಸುವುದಕ್ಕೂ ಈಚೆಗೆ ಬಳಕೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿ ಹಗುರವಾದದ್ದು, ಮರ ಹತ್ತುವವರ ಕೊರತೆಯನ್ನು ನೀಗಿದ್ದು ನಿಜ. ಆದರೆ ಕಾರ್ಬನ್ ಫೈಬರ್ ವಿದ್ಯುತ್ ವಾಹಕವಾದ್ದರಿಂದ, ದೋಟಿ ತಂತಿಯ ಸಮೀಪ ಹೋದರೆ ನೆಲದ ಮೇಲೆ ನಿಂತವನ ಜೀವಕ್ಕೂ ಅದು ಮುಳುವಾಗಬಲ್ಲದು. ಆರೋಗ್ಯದ ಕುರಿತ ಭೀತಿಯನ್ನು ಎಚ್ಚರದಿಂದ ನೋಡಬೇಕು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2002ರಲ್ಲಿ ಇಂಥ ಕಾಂತಕ್ಷೇತ್ರಗಳನ್ನು ‘ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯಿದೆ’ ಎಂಬ ವರ್ಗಕ್ಕೆ ಸೇರಿಸಿತೇ ಹೊರತು, ಕಾರಣವೆಂದು ಸಾರಲಿಲ್ಲ. ತೋಟಗಾರನ ಆಕ್ಷೇಪ ನಿಲ್ಲುವುದಕ್ಕೆ ಈ ಭೀತಿಯ ಆಸರೆ ಬೇಕಾಗಿಯೂ ಇಲ್ಲ.

ಪರಿಹಾರದ ಮಟ್ಟ ಏರಿದೆ ಎಂಬುದನ್ನು ಒಪ್ಪಬೇಕು. ಕೇಂದ್ರ ಇಂಧನ ಸಚಿವಾಲಯದ 2015ರ ಮಾರ್ಗಸೂಚಿಯಲ್ಲಿ ಟವರ್ ನಿಲ್ಲುವ ನೆಲಕ್ಕೆ ಅದರ ಬೆಲೆಯ ಶೇ. 85, ತಂತಿಯಡಿಯ ಪಟ್ಟಿಗೆ ಹೆಚ್ಚೆಂದರೆ ಶೇ. 15 ಇದ್ದದ್ದು 2024ರ ಜೂನ್‌ನಲ್ಲಿ ಕ್ರಮವಾಗಿ ಶೇ. 200 ಮತ್ತು ಶೇ. 30ಕ್ಕೆ ಏರಿತು. ಆದರೆ ಯಾವ ಬೆಲೆಯ ಶೇ. 30 ಎಂಬ ಪ್ರಶ್ನೆ ಉಳಿದೇ ಇದೆ. ಸವಳಂಗ ರಸ್ತೆಯ ನವುಲೆ ಒಂದು ಕಾಲಕ್ಕೆ ಹಳ್ಳಿ. ಕೃಷಿ ಕಾಲೇಜು, ಇಂಜಿನಿಯರಿಂಗ್ ಕಾಲೇಜುಗಳ ಸುತ್ತ ಬೆಳೆದು ಈಗ ಶಿವಮೊಗ್ಗ ನಗರದ ಭಾಗ. ಇಂಥ ಅಂಚಿನ ಊರುಗಳಲ್ಲಿ ದಾಖಲೆಯಲ್ಲಿ ಕೃಷಿಭೂಮಿಯಾಗಿಯೇ ಇರುವ ನೆಲ ನಾಳೆ ಬಡಾವಣೆಯಾಗುವಂಥದ್ದು, ಲೈನಿನಡಿ ಮಾತ್ರ ಎಂದಿಗೂ ಮನೆ ಕಟ್ಟಲಾಗದು. ಸ್ಥಳ, ತಂತಿಯ ದೂರ, ಹಿಡುವಳಿ ಚಿಕ್ಕದೋ ದೊಡ್ಡದೋ ಎಂಬುದನ್ನೆಲ್ಲ ಗಮನಿಸಬೇಕೆಂದು ಲಿವಿಶಾ ಪ್ರಕರಣದಲ್ಲಿ (2007) ಸರ್ವೋಚ್ಚ ನ್ಯಾಯಾಲಯ ಹೇಳಿದ್ದರೂ, ಆ ಲೆಕ್ಕದ ಪರಿಹಾರ ಪಡೆಯಲು ರೈತ ಜಿಲ್ಲಾ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು.

ಮೈಸೂರು–ಕೋಯಿಕ್ಕೋಡ್ 400 ಕಿಲೋವೋಲ್ಟ್ ಮಾರ್ಗಕ್ಕೆ ಕೊಡಗಿನಲ್ಲಿ ಹತ್ತಾರು ಸಾವಿರ ಮರಗಳು ಉರುಳಿದಾಗ, ಉಡುಪಿ–ಕಾಸರಗೋಡು ಮಾರ್ಗದ ವಿರುದ್ಧ ಕರಾವಳಿಯ ಅಡಿಕೆ ಬೆಳೆಗಾರರು ಒಂದಾದಾಗ ಕೇಳಿಬಂದದ್ದು ವಿದ್ಯುತ್ ಬೇಡವೆಂಬ ಮಾತಲ್ಲ, ಹಾದಿ ಬದಲಿಸಿ ಎಂಬ ಬೇಡಿಕೆ. ನೆರೆಯ ಕೇರಳದಲ್ಲಿ 2021ರಲ್ಲಿ ಚಾಲನೆಗೊಂಡ ಪುಗಳೂರು–ತ್ರಿಶ್ಶೂರು ಏಕಮುಖ ವಿದ್ಯುತ್ ಮಾರ್ಗದ ಕೊನೆಯ ಭಾಗ ನೆಲದಡಿಯ ಕೇಬಲ್ಲಿನಲ್ಲಿದೆ. ಸಾಮಾನ್ಯ ಪರ್ಯಾಯ ವಿದ್ಯುತ್ತಿನಲ್ಲಿ ಉದ್ದನೆಯ ಕೇಬಲ್ ದುಬಾರಿಯೂ ಕಷ್ಟವೂ ಹೌದು. ಹಾಗಾಗಿ ಹಳೆಯ ಮಾರ್ಗದಲ್ಲಿಯೇ ಹೆಚ್ಚು ಸಾಮರ್ಥ್ಯದ ತಂತಿ ಎಳೆಯುವ ಸಾಧ್ಯತೆಯನ್ನಾದರೂ ಮೊದಲು ಪರಿಶೀಲಿಸಿ ಜನರ ಮುಂದಿಡುವುದು ಅಗತ್ಯ.

ಶರಾವತಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡು ಶಿವಮೊಗ್ಗ, ಸಾಗರ, ಹೊಸನಗರ ತಾಲ್ಲೂಕುಗಳ ಅರಣ್ಯಭೂಮಿಯಲ್ಲಿ ನೆಲೆ ಪಡೆದ ಕುಟುಂಬಗಳ ಹಕ್ಕುಪತ್ರದ ಗೊಂದಲ ಆರು ದಶಕ ಕಳೆದರೂ ಪೂರ್ತಿ ಬಗೆಹರಿದಿಲ್ಲ. ಅವರು ನೆಟ್ಟು ಬೆಳೆಸಿದ ತೋಟದ ಮೇಲೆ ಅದೇ ನದಿಯ ವಿದ್ಯುತ್ತನ್ನು ಹೊತ್ತ ಮತ್ತೊಂದು ಲೈನು ಹಾದರೆ, ನೆಲದ ಪರಿಹಾರ ಪಹಣಿಯಲ್ಲಿ ಹೆಸರಿರುವವರಿಗೆ ಸಲ್ಲುತ್ತದೆ. ಅಲ್ಲಿ ಬರೆದಿರುವ ಹೆಸರು ಅರಣ್ಯ ಇಲಾಖೆಯದು.