ಒಂದೇ ಪಂಕ್ತಿಯಲ್ಲಿ ಕೂತವರ ಬೇಟೆ

ಸಸ್ಯಹೇನು ತಿನ್ನುವ ಕ್ರೈಸೋಪರ್ಲಾ ಹುಳುವನ್ನು ಸಾಕುವ ಪ್ರಯೋಗಾಲಯಗಳಲ್ಲಿ ಮರಿಗಳು ಸ್ವಲ್ಪ ಬೆಳೆಯುತ್ತಿದ್ದಂತೆ ಒಂದೊಂದಕ್ಕೂ ಬೇರೆ ಬೇರೆ ಪುಟ್ಟ ಗೂಡು ಕೊಡುತ್ತಾರೆ. ಊಟಕ್ಕೆ ಅಕ್ಕಿ ಪತಂಗದ ಮೊಟ್ಟೆ. ಒಟ್ಟಿಗೆ ಬಿಟ್ಟರೆ ಒಡಹುಟ್ಟಿದವನ್ನೇ ಹೀರಿ ಮುಗಿಸುತ್ತವೆ. ತಾಯಿಗೂ ಇದು ಗೊತ್ತಿದೆಯೇನೋ ಎಂಬಂತೆ ಪ್ರತಿ ಮೊಟ್ಟೆಯನ್ನೂ ಕೂದಲೆಳೆಯಂಥ ದಂಟಿನ ತುದಿಯಲ್ಲಿ ಇಡುತ್ತದೆ. ಹುಳು ಸಾಕುವವರು ಬಹುಕಾಲದಿಂದ ಕಂಡಿದ್ದ ಇಂಥ ಸಂಗತಿ ಜೈವಿಕ ಕೀಟನಿಯಂತ್ರಣದ ಸಿದ್ಧಾಂತದಲ್ಲಿ ಜಾಗ ಪಡೆಯಲು ಸುಮಾರು ನೂರು ವರ್ಷ ಹಿಡಿಯಿತು.

ತಡವಾಗಿದ್ದಕ್ಕೆ ಮೊದಲ ಗೆಲುವೇ ಕಾರಣವಿರಬೇಕು. 1888–89ರಲ್ಲಿ ಆಲ್ಬರ್ಟ್ ಕೋಬೆಲೆ ಆಸ್ಟ್ರೇಲಿಯಾದಿಂದ ಕಳಿಸಿದ ವೆಡೇಲಿಯಾ ಗುಲಗಂಜಿ ಹುಳು ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳನ್ನು ಶಲ್ಕಕೀಟದ ಬಾಯಿಂದ ಬಿಡಿಸಿತು. ಹತ್ತು ವರ್ಷದೊಳಗೆ, 1898ರಲ್ಲಿ, ಕಾಫಿಯ ಹಸಿರು ಶಲ್ಕಕೀಟಕ್ಕೆಂದು ಆಸ್ಟ್ರೇಲಿಯಾದ ಇನ್ನೊಂದು ಗುಲಗಂಜಿ ಹುಳು ಕ್ರಿಪ್ಟೊಲೀಮಸ್ ಭಾರತಕ್ಕೂ ಬಂತು. ಇವತ್ತು ಅದನ್ನು ನಾವು ಹಿಟ್ಟು ತಿಗಣೆಯ ಮೇಲೆ ಬಿಡುತ್ತೇವೆ. ವೆಡೇಲಿಯಾ ಒಂದೇ ಬಗೆಯ ಊಟಕ್ಕೆ ಅಂಟಿಕೊಂಡ ಹುಳು, ಅಕ್ಕಪಕ್ಕದವರ ತಂಟೆಗೆ ಹೋಗುವಂಥದಲ್ಲ. ಆ ಗೆಲುವನ್ನು ಕಂಡವರು ಕಟ್ಟಿಕೊಂಡ ಲೆಕ್ಕ ಮಾತ್ರ ಎಲ್ಲ ಹುಳುಗಳಿಗೂ ಅನ್ವಯವಾಯಿತು: ಪೀಡೆಯ ಶತ್ರು ನಮ್ಮ ಮಿತ್ರ, ಮಿತ್ರರು ಹೆಚ್ಚಿದಷ್ಟೂ ಲಾಭ. ‘ಮಿತ್ರಕೀಟ’ ಎಂಬ ನಮ್ಮ ಮಾತಿನಲ್ಲೂ ಇದೇ ಲೆಕ್ಕ ಅಡಗಿದೆ. ಹುಳುವಿಗೆ ಈ ಬಿರುದಿನ ಪರಿವೆಯಿಲ್ಲ. ತನಗಿಂತ ಚಿಕ್ಕದಾಗಿ, ಮೆತ್ತಗೆ ಸಿಕ್ಕಿದ್ದು ಅದಕ್ಕೆ ಊಟ.

ಈ ಲೆಕ್ಕವನ್ನು ಕದಡಿದ ಮಾತು ಹೊಲದಿಂದ ಬರಲಿಲ್ಲ, ಮರುಭೂಮಿಯಿಂದ ಬಂತು. ಕ್ಯಾಲಿಫೋರ್ನಿಯಾದ ಮರಳಿನಲ್ಲಿ ಚೇಳುಗಳ ಬೆನ್ನು ಹತ್ತಿದ್ದ ಗ್ಯಾರಿ ಪೋಲಿಸ್, ಅವು ಬೇರೆ ಜಾತಿಯ ಚೇಳುಗಳನ್ನೂ ತಮ್ಮದೇ ಜಾತಿಯ ಮರಿಗಳನ್ನೂ ತಿನ್ನುವುದನ್ನು ಕಂಡಿದ್ದರು. 1989ರಲ್ಲಿ ಕ್ರಿಸ್ಟೋಫರ್ ಮೈಯರ್ಸ್ ಮತ್ತು ರಾಬರ್ಟ್ ಹೋಲ್ಟ್ ಜೊತೆ ಬರೆದ ದೀರ್ಘ ಸಮೀಕ್ಷೆಯಲ್ಲಿ, ಒಂದೇ ಊಟಕ್ಕೆ ಪೈಪೋಟಿ ನಡೆಸುವವರು ಒಬ್ಬರನ್ನೊಬ್ಬರು ತಿನ್ನುವುದು ಅಪರೂಪದ ವಿಕೃತಿಯಲ್ಲ, ಪ್ರಕೃತಿಯ ದಿನನಿತ್ಯದ ವ್ಯವಹಾರ ಎಂದು ಅವರು ತೋರಿಸಿದರು. ಅದಕ್ಕೆ ಬಂದ ಹೆಸರು ಇಂಟ್ರಾಗಿಲ್ಡ್ ಪ್ರಿಡೇಶನ್. ಕನ್ನಡದಲ್ಲಿ ನಾನು ‘ಸಹಪಂಕ್ತಿ ಬೇಟೆ’ ಅನ್ನುತ್ತೇನೆ: ಒಂದೇ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕೂತವನು ಪಕ್ಕದವನನ್ನೇ ತಿಂದರೆ ಬೇರೆ ಏನನ್ನಬೇಕು?

ನಾಲ್ಕೇ ವರ್ಷದಲ್ಲಿ ವಿಷಯ ಹತ್ತಿ ಹೊಲಕ್ಕೆ ಬಂತು. ಕ್ಯಾಲಿಫೋರ್ನಿಯಾದ ಜೇ ರೋಸೆನ್‌ಹೈಮ್ ಮತ್ತು ಸಂಗಡಿಗರು ಹತ್ತಿ ಗಿಡಗಳಿಗೆ ಪರದೆಯ ಪಂಜರ ಕಟ್ಟಿ ಸಸ್ಯಹೇನು ಬಿಟ್ಟರು. ಕ್ರೈಸೋಪರ್ಲಾ ಮರಿಗಳಷ್ಟೇ ಇದ್ದ ಕಡೆ ಹೇನು ಹದ್ದುಬಸ್ತಿನಲ್ಲಿತ್ತು. ಹಂತಕ ತಿಗಣೆಗಳನ್ನೂ ಸೇರಿಸಿದಾಗ ಅವು ಕ್ರೈಸೋಪರ್ಲಾ ಮರಿಗಳನ್ನೇ ಹೀರಿದವು, ಹೇನು ಮತ್ತೆ ಏರಿತು. ಕಾವಲಿಗೆ ಇನ್ನೊಬ್ಬನನ್ನು ಇಟ್ಟದ್ದಕ್ಕೇ ಕಳವು ಹೆಚ್ಚಿತು. 1993ರ ಈ ಪ್ರಬಂಧ ನನ್ನ ಮಟ್ಟಿಗೆ ಈ ಕ್ಷೇತ್ರದ ನಿಜವಾದ ತಿರುವು. ಅದುವರೆಗಿನ ಚರ್ಚೆ ಯಾರು ಯಾರನ್ನು ತಿನ್ನುತ್ತಾರೆ ಎಂಬುದರಲ್ಲೇ ಇತ್ತು. ತಿಂದದ್ದರಿಂದ ಬೆಳೆಗೆ ಏನಾಯಿತು ಎಂಬ ಪ್ರಶ್ನೆಯನ್ನು ಇದು ಹೊಲದಲ್ಲೇ ನಿಂತು ಕೇಳಿತು.

ಹಾಗೆಂದು ಒಂದೇ ಹುಳು ಸಾಕು ಎಂದು ತೀರ್ಮಾನಿಸಲು 1998 ಬಿಡಲಿಲ್ಲ. ಜಾನ್ ಲೋಸಿ ಮತ್ತು ರಾಬರ್ಟ್ ಡೆನ್ನೊ ಕುದುರೆ ಮಸಾಲೆ ಸೊಪ್ಪಿನ ಬೆಳೆಯಲ್ಲಿ ಕಂಡದ್ದು ತಿರುವುಮುರುವು. ಗುಲಗಂಜಿ ಹುಳು ಎಲೆಯ ಮೇಲೆ ಓಡಾಡಿದರೆ ಬೆದರಿದ ಹೇನು ನೆಲಕ್ಕೆ ಉದುರುತ್ತದೆ. ಕೆಳಗೆ ಓಡಾಡುವ ನೆಲಜೀರುಂಡೆ ಅದನ್ನು ಹೆಕ್ಕುತ್ತದೆ. ಇಬ್ಬರ ಒಟ್ಟು ಕೆಲಸ ಬೇರೆ ಬೇರೆಯಾಗಿ ಮಾಡಿದ್ದರ ಮೊತ್ತವನ್ನು ಮೀರಿತು. ಮೂರು ವರ್ಷ ಕಳೆದು ವಿಲಿಯಂ ಸ್ನೈಡರ್ ಮತ್ತು ಆಂಥನಿ ಐವ್ಸ್ ಅದೇ ಬೆಳೆಯಲ್ಲಿ ಮತ್ತೊಂದು ನೆಲಜೀರುಂಡೆಯ ಅವಗುಣ ತೋರಿಸಿದರು: ಪರತಂತ್ರ ಕಣಜದ ಮರಿ ಒಳಗೆ ಬೆಳೆಯುತ್ತಿದ್ದ, ಸತ್ತು ಗಟ್ಟಿಯಾದ ಹೇನಿನ ಚಿಪ್ಪುಗಳನ್ನು ಅದು ತಿನ್ನುತ್ತಿತ್ತು. ಚಿಪ್ಪು ಓಡಿಹೋಗದಲ್ಲ! ಕಣಜದ ಕೆಲಸ ಅಲ್ಲಿಗೆ ಕೆಟ್ಟಿತು.

ಹೊಟ್ಟೆಯೊಳಗೆ ಏನಿದೆ ಎಂದು ನೋಡುವ ವಿದ್ಯೆಯೂ ಈ ನಡುವೆ ಬೆಳೆಯಿತು. ರಸ ಹೀರುವ ಹುಳು ಕುರುಹು ಬಿಡುವುದಿಲ್ಲ. ಮೊದಲು ಪ್ರತಿಕಾಯ ಪರೀಕ್ಷೆ ಬಂತು, ಆಮೇಲೆ ಡಿಎನ್‌ಎ ಪರೀಕ್ಷೆ. ಆದರೂ ತೊಡಕು ಉಳಿದಿದೆ. ಹೇನು ತಿಂದ ಮರಿಯನ್ನು ಜೀರುಂಡೆ ತಿಂದರೆ ಅದರ ಹೊಟ್ಟೆಯಲ್ಲಿ ಇಬ್ಬರ ಡಿಎನ್‌ಎಯೂ ಸಿಕ್ಕಬಹುದು. ಕೊಂದು ತಿಂದದ್ದೋ ಸತ್ತದ್ದನ್ನು ತಿಂದದ್ದೋ ಎಂದು ಡಿಎನ್‌ಎ ಹೇಳುವುದಿಲ್ಲ.

ಹೊಲ ದಾಟಿದ ಅನಾಹುತ ಹಾರ್ಮೋನಿಯಾದ್ದು. ಹೇನು ನಿಯಂತ್ರಣಕ್ಕೆಂದು ಪೂರ್ವ ಏಷ್ಯಾದಿಂದ ಯುರೋಪು, ಅಮೆರಿಕಗಳಿಗೆ ಒಯ್ದ, ಪಂಕ್ತಿಯ ಪಕ್ಕದವರನ್ನೂ ತಿನ್ನುವ ಈ ದಪ್ಪ ಗುಲಗಂಜಿ ಹುಳು ಬ್ರಿಟನ್ನಿನಲ್ಲಿ 2004ರಲ್ಲಿ ಕಾಣಿಸಿಕೊಂಡಿತು. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅದು ಬಂದ ಐದು ವರ್ಷಗಳಲ್ಲಿ ಎರಡು ಚುಕ್ಕೆಯ ಸ್ಥಳೀಯ ಗುಲಗಂಜಿ ಹುಳು ಬ್ರಿಟನ್ನಿನಲ್ಲಿ 44%, ಬೆಲ್ಜಿಯಂನಲ್ಲಿ 30% ಕುಸಿದಿತ್ತು.

ರೈತನ ಕೈಗೆ ಸಿಗುವ ಉತ್ತರ ಬಂದದ್ದು ಮಾತ್ರ ಅಮೆರಿಕದ ಪೂರ್ವ ಕರಾವಳಿಯ ಉಪ್ಪು ಜವುಗಿನ ಹುಲ್ಲಿನಿಂದ. ಡೆಬೊರಾ ಫಿಂಕೆ ಮತ್ತು ಡೆನ್ನೊ 2002ರಲ್ಲಿ ತೋರಿಸಿದಂತೆ, ಬುಡದಲ್ಲಿ ಒಣಹುಲ್ಲಿನ ಹಾಸು ದಪ್ಪವಾಗಿದ್ದಲ್ಲಿ ತೋಳಜೇಡ ಪುಟ್ಟ ಬೇಟೆ ತಿಗಣೆಯನ್ನು ಹಿಡಿಯುವುದು ಕಡಿಮೆಯಾಯಿತು. ಅಡಗಲು ಜಾಗ ಸಿಕ್ಕಿತ್ತು, ಅಷ್ಟೇ. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಇಡುವಾಗ ನನಗೆ ಈ ಹಾಸು ನೆನಪಾಗುತ್ತದೆ.

ಕಬ್ಬಿನ ಮಾತು ಬಂತು. 2002ರ ಸುಮಾರಿಗೆ ಮಹಾರಾಷ್ಟ್ರ, ಉತ್ತರ ಕರ್ನಾಟಕದ ಕಬ್ಬನ್ನು ಬಿಳಿ ಉಣ್ಣೆ ಹೇನು ಮುತ್ತಿದಾಗ ಡೈಫಾ ಪತಂಗದ ಮರಿ, ಹೇನು ತಿನ್ನುವ ಮೈಕ್ರೋಮಸ್ ಹುಳು, ಎನ್ಕಾರ್ಸಿಯಾ ಕಣಜ ಮೂರೂ ಕೈಹಿಡಿದವು. ಡೈಫಾ ಮರಿ ಹೇನನ್ನು ಕಬಳಿಸುವಾಗ ಅದರೊಳಗಿನ ಕಣಜದ ಮರಿಯನ್ನು ಬಿಟ್ಟು ತಿನ್ನುತ್ತದೆಯೇ? ಇಂಥ ಪ್ರಶ್ನೆಯನ್ನು ಹುಳು ಬಿಡುವ ಮೊದಲೇ ಕೇಳಬೇಕು. ಎರಡು ಮಿತ್ರಕೀಟಗಳನ್ನು ಒಂದೇ ಹೊಲಕ್ಕೆ ಬಿಡಲು ಹೇಳುವ ಕರಪತ್ರಗಳು ಎಕರೆಗೆ ಎಷ್ಟು ಎಂಬುದರ ಕೆಳಗೆ, ಯಾವುದು ಯಾವುದನ್ನು ತಿನ್ನುತ್ತದೆ, ನಡುವೆ ಎಷ್ಟು ದಿನ ಬಿಡಬೇಕು ಎಂದೂ ಒಂದು ಸಾಲು ಬರೆಯಲಿ.