ಕಾಡ್ ಮೀನಿನ ಲೆಕ್ಕ ತಪ್ಪಿದ್ದೆಲ್ಲಿ?

ಬೇಸಿಗೆಯಲ್ಲಿ ನಮ್ಮೂರ ಕೆರೆ ಬತ್ತುವ ಹೊತ್ತಿಗೆ ಬಲೆ ಹಾಕಿದವರಿಗೆ ಬುಟ್ಟಿ ತುಂಬ ಮೀನು ಸಿಗ್ತಿತ್ತು. ಉಳಿದ ಮೀನೆಲ್ಲ ಒಂದೇ ಗುಂಡಿಗೆ ಸೇರಿರ್ತಿತ್ತಲ್ಲ, ಅದಕ್ಕೆ. ಆ ಬುಟ್ಟಿ ನೋಡಿ ‘ಈ ಸಲ ಕೆರೇಲಿ ಮೀನು ಜಾಸ್ತಿ’ ಅಂದಿದ್ರೆ ಊರವರು ನಗ್ತಿದ್ರು. 1980ರ ದಶಕದಲ್ಲಿ ಕೆನಡಾ ಸರ್ಕಾರ ಹೆಚ್ಚುಕಮ್ಮಿ ಇದನ್ನೇ ನಂಬಿತು.

ಜಾಗ ನ್ಯೂಫೌಂಡ್‌ಲ್ಯಾಂಡ್. ಮೀನು, ಕಾಡ್. 1968ರಲ್ಲಿ ವಿದೇಶಿ ಹಡಗುಗಳೂ ಸೇರಿ ಅಲ್ಲಿ ಸುಮಾರು 8 ಲಕ್ಷ ಟನ್ ಬಾಚಿದ್ದವು. 1977ರಲ್ಲಿ ಕೆನಡಾ 200 ನಾಟಿಕಲ್ ಮೈಲಿವರೆಗಿನ ಕಡಲು ತನ್ನದೆಂದಿತು. ಆಮೇಲೆ ಮುಖ್ಯವಾಗಿ ಉಳಿದವರು ಎರಡು ಗುಂಪು. ಬೇಸಿಗೆಯಲ್ಲಿ ದಡಕ್ಕೆ ಬರೋ ಮೀನಿಗೆ ಬಲೆಗೂಡು ಕಟ್ಟಿ ಕಾಯುವ ಹಳ್ಳಿಗರು ಒಂದು ಕಡೆ. ಚಳಿಗಾಲದಲ್ಲಿ ಆಳಕಡಲಿಗೆ ಹೋಗಿ, ಮೊಟ್ಟೆಯಿಡಲು ಗುಂಪುಗೂಡಿದ ಮೀನನ್ನೇ ಹುಡುಕಿ ಹಿಡಿಯುವ ಟ್ರಾಲರ್‌ಗಳು ಇನ್ನೊಂದು ಕಡೆ.

ವರ್ಷಕ್ಕೆ ಎಷ್ಟು ಮೀನು ಸಾಯ್ತಿದೆ ಅಂತ ತಿಳಿಯೋದು ಹೇಗೆ? ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲಿನಲ್ಲಿ, ಮರದ ಕಾಂಡದಲ್ಲಿರುವ ಹಾಗೆ, ವರ್ಷದ ಉಂಗುರಗಳಿರ್ತವೆ. ಹಿಡಿದ ಮೀನಿನ ವಯಸ್ಸು ಎಣಿಸಿ, ಒಂದೇ ವರ್ಷ ಹುಟ್ಟಿದವು ಎಷ್ಟು ಬೇಗ ಖಾಲಿಯಾಗ್ತಿವೆ ಅಂತ ಹಿಂದಿನಿಂದ ಲೆಕ್ಕ ಕಟ್ಟುತ್ತಾರೆ. ಸಹಜ ಸಾವಿಗೆ 0.2 ಅಂತ ಒಂದು ಸ್ಥಿರ ಸಂಖ್ಯೆ ಇಟ್ಟುಕೊಂಡಿದ್ದರು (ಕೋಡ್‌ನಲ್ಲಿ ನಾವೂ ಇಂಥದ್ದನ್ನು ಹಾಕಿ ಮರೆತುಬಿಡ್ತೀವಿ). ಉಳಿದದ್ದು ಬಲೆಯ ಪಾಲು. ಈಚಿನ ವರ್ಷಗಳ ಲೆಕ್ಕ ಮಾತ್ರ ಅಷ್ಟರಿಂದ ಹೊರಡೋದಿಲ್ಲ, ಬೇರೆ ಅಳತೆಗೋಲು ಬೇಕು. ಸಂಶೋಧನಾ ಹಡಗಿನ ಸಮೀಕ್ಷೆಯ ಜೊತೆಗೆ ಅವರು ನೆಚ್ಚಿಕೊಂಡದ್ದು ಟ್ರಾಲರ್‌ಗಳಿಗೆ ಗಂಟೆಗೆ ಎಷ್ಟು ಮೀನು ಸಿಗ್ತಿದೆ ಅನ್ನೋದನ್ನ.

ಎಡವಟ್ಟಾಗಿದ್ದು ಇಲ್ಲೇ. ಸೋನಾರ್ ಇರೋ ಟ್ರಾಲರ್‌ಗೆ ಕೊನೆಯ ಗುಂಪಿನಲ್ಲೂ ಬಲೆ ತುಂಬ ಮೀನು. ದಡದವನ ಬಲೆ ಮೀನನ್ನು ಅಟ್ಟಿಸಿಕೊಂಡು ಹೋಗಲ್ಲ. ಮೀನು ಬಾರದಿದ್ದರೆ ಬಲೆ ಖಾಲಿ. 1982ರ ನಂತರ ಹಳ್ಳಿಗಳ ಬಲೆಗಳಲ್ಲಿ ಮೀನು ಕಡಿಮೆಯಾಗತೊಡಗಿತು. ‘ನೀರು ತಣ್ಣಗಿದೆ, ಅದಕ್ಕೇ ಬರ್ತಿಲ್ಲ’ ಎಂಬ ಸಮಜಾಯಿಷಿ ಬಂತು. 1986ರಲ್ಲಿ ದಡದ ಮೀನುಗಾರರ ಸಂಘವೇ ಜೀವಶಾಸ್ತ್ರಜ್ಞರಿಂದ ವರದಿ ಬರೆಸಿತು: ಸರ್ಕಾರದ ಅಂದಾಜು ಉಬ್ಬಿದೆ ಅಂತ. ಅದನ್ನು ಪಕ್ಷಪಾತವೆಂದು ಬದಿಗಿಟ್ಟರು. ಟ್ರಾಲರ್‌ಗಳ ಅಂಕಿಗೂ ಪಕ್ಷ ಇತ್ತು, ಆದರೆ ಅದು ಕೋಷ್ಟಕದೊಳಗೆ ನೀಟಾಗಿ ಕೂತಿತ್ತು ನೋಡಿ.

1989ರಲ್ಲಿ ಸರ್ಕಾರದ ವಿಜ್ಞಾನಿಗಳೇ ಲೆಕ್ಕ ತಿದ್ದಿದರು. ವರ್ಷಕ್ಕೆ ಐದರಲ್ಲಿ ಒಂದು ಮೀನು ಹಿಡೀತಿದ್ದೀವಿ ಅಂದುಕೊಂಡಿದ್ದರೆ, ನಿಜದಲ್ಲಿ ಹೋಗ್ತಿದ್ದದ್ದು ಅದರ ಸುಮಾರು ಎರಡು ಪಟ್ಟು. ಹಳೆಯ ನಿಯಮದ ಪ್ರಕಾರ ಆ ವರ್ಷ ಹಿಡಿಯಬಹುದಾದದ್ದು 1,25,000 ಟನ್. ಮಂತ್ರಿಗಳು ಇಟ್ಟ ಮಿತಿ 2,35,000. ಕಾರ್ಖಾನೆ, ಕೆಲಸ, ಓಟು ಎಲ್ಲಾ ಇತ್ತಲ್ಲ.

1992ರ ಜುಲೈ 2ರಂದು ಮೀನುಗಾರಿಕೆಯನ್ನೇ ನಿಲ್ಲಿಸಿದರು. ಸುಮಾರು 30,000 ಜನರ ಕೆಲಸ ಹೋಯ್ತು. ಮೊದಲೇ ಕೂಗಿ ಹೇಳಿದ್ದ ದಡದವರೂ ಅದರಲ್ಲಿದ್ದರು. ಆ ನಿಷೇಧ ತೆಗೆದದ್ದು 2024ರಲ್ಲಿ, 18,000 ಟನ್ ಮಿತಿಯೊಂದಿಗೆ. ಆಳಕಡಲಿನ ಟ್ರಾಲರ್‌ಗಳಿಗೂ ಅದರಲ್ಲಿ ಪಾಲು ಸಿಕ್ಕಿತು. ದಡದವರು ಮತ್ತೆ ತಕರಾರು ತೆಗೆದರು.