‘ವಯ್ಯಾಳಿ’ ಶಬ್ದವಿಚಾರ

ತುಂಗಭದ್ರೆಯ ಎಡದಂಡೆಯ ಸೀಮೆಯಲ್ಲಿರುವ ದಢೇಸುಗೂರಿನ ಸುತ್ತಣ ಎರೆಯ ಬಯಲಿನಲ್ಲಿ ಇಂದು ಕಣ್ಣಿಗೆ ಬೀಳುವುದು ಕಾಲುವೆಯ ನೀರು ಮತ್ತು ಬತ್ತದ ಗದ್ದೆ. ಆದರೆ ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬು ಶತಮಾನಗಳ ಕಾಲ ಕುದುರೆಗಳ ಗೊರಸಿನ ತುಳಿತವನ್ನು ಸಹಿಸಿದ ನೆಲವು. ವಿಜಯನಗರದ ರಾಯರೂ ಬಹಮನಿ ಸುಲ್ತಾನರೂ, ತರುವಾಯ ಬಿಜಾಪುರದವರೂ ಇದಕ್ಕಾಗಿ ಮತ್ತೆ ಮತ್ತೆ ಕಾದಿದರು. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿದುದು ಇದೇ ದೋಆಬಿನ ರಾಯಚೂರಿಗಾಗಿ. ಆ ದಂಡುಗಳು ಅಳಿದುವು. ಮಾತುಗಳು ಮಾತ್ರ ಉಳಿದುವು. ಲಗಾಮು, ಜೀನು, ರಿಕಾಪು, ಸವಾರ ಇವೆಲ್ಲ ಪಾರಸಿಯ ದಾರಿಯಿಂದ ಬಂದವು. ಅವಕ್ಕಿಂತ ಮೊದಲೇ ಕನ್ನಡದಲ್ಲಿ ನೆಲಸಿದ್ದು ಈಗ ಮರೆಯಾಗುತ್ತಿರುವ ಶಬ್ದವೊಂದುಂಟು. ಅದೇ ‘ವಯ್ಯಾಳಿ’.

ವಯ್ಯಾಳಿಯೆಂದರೆ ಕುದುರೆಯನ್ನೇರಿ ಬಯಲಿನಲ್ಲಿ ಅದನ್ನು ನಡೆಯಿಸಿ, ಓಡಿಸಿ, ತಿರುಗಿಸಿ ಪಳಗಿಸುವ ಸವಾರಿ. ಇದರ ಮೂಲರೂಪವು ಸಂಸ್ಕೃತದ ‘ವಾಹ್ಯಾಲೀ’. ಹಕಾರ ಯಕಾರಗಳು ಸ್ಥಾನಪಲ್ಲಟಗೊಂಡು ‘ವೈಹಾಳಿ’ಯೂ, ಹಕಾರವು ಕ್ಷೀಣಿಸಿ ‘ವಯ್ಯಾಳಿ’ಯೂ ಆದುವು. ಬೆಡಗಿನ ನಡೆಯನ್ನು ಹೇಳುವ ‘ವಯ್ಯಾರ’ಕ್ಕೂ ಇದಕ್ಕೂ ಸಂಬಂಧವಿಲ್ಲ.

ಸವಾರಿಯ ಬಯಲು ಊರ ಹೊರಗಿರುವುದರಿಂದಲೂ, ವಕಾರ ಬಕಾರಗಳು ಒಂದರ ಸ್ಥಾನದಲ್ಲೊಂದು ಬರುವುದುಂಟಾದುದರಿಂದಲೂ, ಈ ಶಬ್ದವು ‘ಬಾಹ್ಯ’ದಿಂದ ಹುಟ್ಟಿತೆಂದು ಯಾರಿಗಾದರೂ ತೋರಬಹುದು. ಈ ಸಂಶಯವನ್ನು ಪರಿಹರಿಸತಕ್ಕ ಗ್ರಂಥವು ಕನ್ನಡ ನಾಡಿನಲ್ಲಿಯೇ ಹುಟ್ಟಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜವಿನೋದಗಳನ್ನು ವರ್ಣಿಸುವಾಗ ‘ಗಜವಾಹ್ಯಾಲೀ’ ಮತ್ತು ‘ವಾಜಿವಾಹ್ಯಾಲೀ’ ಎಂಬ ಎರಡು ವಿನೋದಗಳು ಬರುತ್ತವೆ. ‘ಆನೆಯ ಹೊರಗು’, ‘ಕುದುರೆಯ ಹೊರಗು’ ಎಂದು ಅರ್ಥಮಾಡಿದರೆ ಏನೂ ಹೊಂದದು. ‘ವಹ್’ ಧಾತುವಿನಿಂದಾದ ‘ವಾಹ್ಯ’ವೆಂದರೆ ಏರತಕ್ಕ ಪ್ರಾಣಿ, ವಾಹನ, ‘ಆಲೀ’ ಎಂದರೆ ಸಾಲು. ಆದಕಾರಣ ವಾಹ್ಯಾಲಿಯು ವಾಹನಗಳನ್ನು ನಡೆಯಿಸುವ ಪಥ. ವಾಜಿವಾಹ್ಯಾಲಿಯಲ್ಲಿ ಕುದುರೆಯೇರಿದ ಎರಡು ಪಕ್ಷದವರು ಕೋಲುಗಳಿಂದ ಚೆಂಡನ್ನು ಹೊಡೆಯುತ್ತ ತೋರಣವನ್ನು ದಾಟಿಸುವ ಆಟವನ್ನೂ ಸೋಮೇಶ್ವರನು ವಿವರಿಸಿದ್ದಾನೆ. ಮೊದಲು ನೆಲದ ಹೆಸರಾಗಿದ್ದುದು ಕ್ರಮೇಣ ಅಲ್ಲಿ ನಡೆಯುವ ಕ್ರಿಯೆಯ ಹೆಸರಾಯಿತು. ಸಂತೆ ಕೂಡುವ ಸ್ಥಳವೂ ಸಂತೆಯೇ. ಅಲ್ಲಿ ಕೊಂಡು ಬರುವುದಕ್ಕೂ ‘ಸಂತೆ ಮಾಡುವುದು’ ಎನ್ನುವುದಿಲ್ಲವೆ?

ಈ ಅಭ್ಯಾಸಕ್ಕೆ ಅಷ್ಟು ಗೌರವ ಬಂದುದೇಕೆಂದರೆ ಕುದುರೆಯು ದಕ್ಷಿಣದಲ್ಲಿ ಸುಲಭವಾಗಿ ದೊರೆಯುವ ವಸ್ತುವಲ್ಲ. ಒಳ್ಳೆಯ ತಳಿಗಳು ಅರಬಸ್ಥಾನ, ಪಾರಸಗಳಿಂದ ಹಡಗಿನಲ್ಲಿ ಬರಬೇಕಾಗಿದ್ದಿತು. ಪೋರ್ಚುಗೀಸ ಬರಹಗಾರ ನೂನಿಜನು ವಿಜಯನಗರದ ಅರಸನು ವರ್ಷಕ್ಕೆ 13,000 ಓರ್ಮುಜಿನ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಬರೆದಿದ್ದಾನೆ. ಸಾಳುವ ನರಸಿಂಹನು ಸಮುದ್ರದಲ್ಲಿ ಸತ್ತ ಕುದುರೆಗೂ, ಬಾಲವನ್ನು ತಂದು ತೋರಿಸಿದರೆ, ಬೆಲೆ ಕೊಡುತ್ತಿದ್ದನೆಂಬುದೂ ಅವನದೇ ಮಾತು. ಇಷ್ಟು ದುಬಾರಿಯಾದ ಪ್ರಾಣಿಯನ್ನು ಪಳಗಿಸದೆ ಲಾಯದಲ್ಲಿ ಕಟ್ಟಿಡಲಾದೀತೆ? 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪಾಯಸನು ಕೃಷ್ಣದೇವರಾಯನ ದಿನಚರಿಯನ್ನು ಹೇಳುವಾಗ, ಅರಸನು ನಸುಕಿಗೆ ಮುಂಚೆ ಎಳ್ಳೆಣ್ಣೆಯನ್ನು ಕುಡಿದು, ಸಾಮು ಮಾಡಿ, ಕುಸ್ತಿ ಹಿಡಿದು, ಬಳಿಕ ಕುದುರೆಯೇರಿ ಬೆಳಗಾಗುವವರೆಗೂ ಬಯಲಿನಲ್ಲಿ ಅತ್ತಿತ್ತ ಓಡಿಸುತ್ತಿದ್ದನೆನ್ನುತ್ತಾನೆ. ಪಾಯಸನಿಗೆ ಹೆಸರು ತಿಳಿಯದಿದ್ದರೂ ಅವನು ಬಣ್ಣಿಸಿದುದು ವಯ್ಯಾಳಿಯನ್ನೇ.

ಅರಸುತನವು ಅಳಿದ ಮೇಲೆ ಈ ಶಬ್ದವು ನೆರೆಯ ಭಾಷೆಗಳಲ್ಲಿ ಬೇರೆ ಬೇರೆ ಹಾದಿ ಹಿಡಿದುದು ವಿಚಾರಾರ್ಹವಾಗಿದೆ. ತಮಿಳು ನಾಡಿನ ಶ್ರೀರಂಗದಲ್ಲಿ ವೈಕುಂಠ ಏಕಾದಶಿಯ ಉತ್ಸವದ ಅಂಗವಾಗಿ ರಂಗನಾಥನು ಚಿನ್ನದ ಕುದುರೆಯನ್ನೇರಿ ‘ವೈಯಾಳಿ’ ನಡೆಯಿಸುತ್ತಾನೆ. ಅಲ್ಲಿ ಅರಸನ ವಿನೋದವು ದೇವರ ಸೇವೆಯಾಯಿತು. ತೆಲುಗಿನಲ್ಲಿ ‘ವಾಹ್ಯಾಳಿ’ಯೆಂದರೆ ಈಗ ಸಂಜೆಯ ಹೊತ್ತು ಸುಮ್ಮನೆ ಅಡ್ಡಾಡಿ ಬರುವುದು, ಅಲ್ಲಿ ಸವಾರನು ಕುದುರೆಯಿಂದಿಳಿದು ಕಾಲುನಡಿಗೆಯವನಾದನು. ಕನ್ನಡದಲ್ಲಾದರೋ ಶಬ್ದವು ಹಳೆಯ ಅರ್ಥವನ್ನೇ ಹಿಡಿದುಕೊಂಡು ಕಾವ್ಯಗಳ ಪುಟದಲ್ಲಿ ನಿಂತುಬಿಟ್ಟಿತು. ಬಳಕೆಯಲ್ಲಿ ಮುಂದುವರಿದ ಕಡೆ ಅರ್ಥವು ಮಾರ್ಪಟ್ಟಿತು. ಮಾರ್ಪಡದೆ ಉಳಿದ ಕಡೆ ಬಳಕೆಯೇ ತಪ್ಪಿತು.

ಕಾವ್ಯವನ್ನೋದುವ ವಿದ್ಯಾರ್ಥಿಗಳು ಇದಕ್ಕೆ ‘ಕುದುರೆ ಸವಾರಿ’ ಎಂದಷ್ಟೇ ಬರೆದುಕೊಂಡು ಮುಂದೆ ಹೋಗುವುದುಂಟು. ಆ ಎರಡು ಪದಗಳಲ್ಲಿ ಕಲ್ಯಾಣದ ಚೆಂಡಾಟವೂ, ಓರ್ಮುಜಿನ ಹಡಗೂ, ನಸುಕಿನ ಬಯಲಿನಲ್ಲಿ ಅತ್ತಿತ್ತ ಓಡುವ ರಾಯನ ಕುದುರೆಯೂ ಕಾಣಲಾರವು. ದೋಆಬಿನ ಮನೆಗಳಲ್ಲಿಯಾದರೂ ಈ ಶಬ್ದವು ಅದರ ಪೂರ್ಣಾರ್ಥದೊಡನೆ ಮಕ್ಕಳಿಗೆ ತಿಳಿಯುವುದು ಯುಕ್ತವು.